ಉದ್ದ ಲೋಟ

ಪುಸ್ತಕ ಹೇಳುತ್ತದೆ, ನಾಲ್ಕನೇ ಘಟಕ, ಪುಟ ಅರವತ್ತೆರಡು:
ಅಗಲ ಲೋಟದ ಹಾಲನ್ನು ಮಗುವಿನ ಕಣ್ಣೆದುರೇ
ಸಪೂರ ಲೋಟಕ್ಕೆ ಸುರಿ, ಈಗ ಜಾಸ್ತಿಯಾಯಿತೇ ಎಂದು ಕೇಳು.
ಏಳು ತುಂಬದ ಮಗು ಹೂಂ ಅನ್ನುತ್ತದೆ.
ಎತ್ತರ ಕಂಡರೆ ಅಗಲ ಮರೆಯುತ್ತದೆ;
ಎರಡನ್ನೂ ಒಟ್ಟಿಗೆ ಹಿಡಿಯುವಷ್ಟು
ಬಲಿತಿರುವುದಿಲ್ಲ ಇನ್ನೂ ಮನಸ್ಸಿನ ಬೊಗಸೆ.

ಬೊಗಸೆಯ ಮಾತು ಪುಸ್ತಕದ್ದಲ್ಲ, ನನ್ನದು.

ನಲವತ್ತಾರಕ್ಕೆ ಬಿ.ಎ. ಕಟ್ಟಿದ್ದೇನೆ, ಅಂಚೆ ತೆರಪಿನಲ್ಲಿ.
ಹಗಲು ಶಿವಮೊಗ್ಗದ ಊರುಗಡೂರಿನ ಅಂಗನವಾಡಿ,
ರಾತ್ರಿ ಪಾತ್ರೆ ತೊಳೆದ ಮೇಲೆ ಬೆಳವಣಿಗೆಯ ಹಂತಗಳು.
ನಮ್ಮ ಕೇಂದ್ರಕ್ಕೂ ನಾಲ್ಕು ಮೆಟ್ಟಿಲಿವೆ.
ಯಾವ ಮಗುವೂ ಸರದಿಯಲ್ಲಿ ಹತ್ತಿದ್ದು ನಾನು ಕಂಡಿಲ್ಲ.
ಒಬ್ಬ ಎರಡನೆಯದರಲ್ಲೇ ಕೂತು ಇರುವೆ ಎಣಿಸುತ್ತಾನೆ,
ಒಬ್ಬಳು ನಾಲ್ಕನ್ನೂ ಹಾರಿ, ಅಳುತ್ತ ಕೆಳಗಿಳಿದು,
ಅಮ್ಮ ಹೋದ ತಿರುವನ್ನು ನೋಡುತ್ತ ನಿಲ್ಲುತ್ತಾಳೆ.

ಸಹಾಯಕಿ ಕರಿಬಸಮ್ಮನ ಮೊಮ್ಮಗ, ಒಂಬತ್ತು ತಿಂಗಳು,
ಸೆರಗಿನಡಿ ಬಚ್ಚಿಟ್ಟ ಗಿಲಕಿಯನ್ನು ಎಳೆದೇಬಿಟ್ಟ ಮೊನ್ನೆ.
ನೋಡಿ, ಕಾಣದ್ದೂ ಇರುತ್ತದೆಂದು ಅವನಿಗೆ ತಿಳಿಯಿತು ಅಂದೆ.
'ಅದ್ರಾಗೇನೈತೆ ಟೀಚರ್, ಅವರಪ್ಪನೂ ಹಂಗೇ,
ದುಡ್ಡು ಎಲ್ಲಿಟ್ರೂ ಹುಡುಕ್ತಾನೆ.'

ಹೋದ ಗುರುವಾರ ಹಾಲಿನ ಪುಡಿ ಸಾಲಲಿಲ್ಲ.
ಇಬ್ಬರಿಗೊಂದು ಲೋಟ ಎಂದೆ.
ಜೈಬು, ಆರು ತುಂಬಲು ಎರಡು ತಿಂಗಳು ಬಾಕಿ,
ತಮ್ಮ ಅತೀಕನ ಪಕ್ಕ ಗೋಡೆಗೊರಗಿದ್ದವಳು
ಎದ್ದು ಹೋಗಿ ಕಪಾಟಿನಿಂದ ತಂದಳು
ನಾನು ಪ್ರಯೋಗಕ್ಕೆಂದು ಇಟ್ಟಿದ್ದ ಸಪೂರ ಲೋಟ.
ಅರ್ಧಕ್ಕಿಂತ ಕಡಿಮೆ, ನಾನು ನೋಡುತ್ತಲೇ ಇದ್ದೆ,
ಅದಕ್ಕೆ ಸುರಿದಳು. ಕಂಠಮಟ್ಟ ಬಂತು.
'ನಿಂದೇ ಜಾಸ್ತಿ.'
ಅವನು ಗೆದ್ದವನ ಹಾಗೆ ಕುಡಿದ, ಮೇಲ್ತುಟಿಗೆ ಬಿಳಿ ಮೀಸೆ.
ಇವಳು ಅಗಲ ಲೋಟ ಬಾಯಿಗಿಟ್ಟು
ಅಂಚಿನ ಮೇಲಿಂದ ನನ್ನನ್ನು ನೋಡಿದಳು.

ಹಾಲಿನ ಲೆಕ್ಕ ಅವಳಿಗೆ ಗೊತ್ತು.
ತಮ್ಮನಿಗೆ ಗೊತ್ತಿಲ್ಲವೆಂದು ಗೊತ್ತು.
ನನಗೆ ಗೊತ್ತಾಯಿತೆಂದೂ ಗೊತ್ತು.

ಇನ್ನೊಬ್ಬರ ತಲೆಯೊಳಗೆ ಬೇರೆಯೇ ದೀಪ ಉರಿಯುತ್ತದೆಂದು
ಮಗು ಕಂಡುಕೊಳ್ಳುವುದು ದೊಡ್ಡ ಸಾಧನೆ,
ಪುಟ ತೊಂಬತ್ತು.
ಆ ಬೆಳಕಲ್ಲಿ ಮೊದಲು ಏನು ಕದಿಯುತ್ತದೆಂದು ಬರೆದಿಲ್ಲ.

ನಾನು ಬೈಯಲಿಲ್ಲ. ಬೈಯುವ ಬಾಯಿ ಎಲ್ಲಿತ್ತು.

ಭದ್ರಾವತಿಯ ಪೇಪರ್ ಟೌನು, ಎರಡನೇ ಪಾಳಿಯ ಸೈರನ್ನು.
ಅವ್ವ ಕ್ಯಾಂಟೀನಿನಿಂದ ಬರುವ ಮೊದಲು
ಗಂಜಿ ಹಂಚುವ ಕೆಲಸ ನನ್ನದು.
ತಮ್ಮ ಹಾಲೇಶನಿಗೆ ಹಿತ್ತಾಳೆಯ ಉದ್ದ ಲೋಟ,
ನನಗೆ ಚಪ್ಪಟೆ ಬಟ್ಟಲು.
'ನಿಂದೇ ಜಾಸ್ತಿ.' ಅವನು ಕುಣಿಯುತ್ತಿದ್ದ.

ಹೊಸ ಮನೆಯ ಪ್ರವೇಶದ ದಿನ ಎಲ್ಲರೆದುರು ಹೇಳಿದ:
'ಅಕ್ಕ ತಾನು ತಳದ್ದು ಕುಡ್ದು ನಂಗೆ ತುಂಬಿ ಕೊಡ್ತಿದ್ಲು.'
ನಾನು ಪಾಯಸ ಬಡಿಸುತ್ತಿದ್ದೆ. ಸೌಟು ನಿಲ್ಲಿಸಲಿಲ್ಲ.

ಆದರೆ ರಾತ್ರಿ ಪುಟ ಅರವತ್ತೆರಡು ಮತ್ತೆ ತೆರೆದಾಗ
ವಯಸ್ಸಿನ ಅಂಕಿ ಕಣ್ಣಿಗೆ ಚುಚ್ಚಿತು.
ಏಳು. ಹೆಚ್ಚೆಂದರೆ ಎಂಟು.
ಹಾಲೇಶ ಆ ಲೋಟದಲ್ಲಿ ಕುಡಿದದ್ದು
ಹತ್ತು ತುಂಬುವ ತನಕ.

ಒಂದು ದಿನವೂ ಬಟ್ಟಲು ಕೇಳಲಿಲ್ಲ.
ಕುಣಿಯುವುದನ್ನು ಯಾವಾಗ ನಿಲ್ಲಿಸಿದ?
ನೆನಪು ಮಾಡಿಕೊಳ್ಳುತ್ತೇನೆ, ಸಿಗುವುದಿಲ್ಲ.

ಬೆಳಿಗ್ಗೆ ಫೋನು ಹಚ್ಚಿದೆ.
'ಲೋಡಲ್ಲಿದೀನಿ ಅಕ್ಕ, ತುಂಗಾ ಸೇತುವೆ ಮೇಲೆ, ಹೇಳು.'
ಹಿಂದೆ ಹಾರನ್ನು, ಯಾರದೋ ಬೈಗುಳ.
ಏನಿಲ್ಲ, ತಿಂಡಿ ಆಯ್ತಾ ಎಂದೆ.

'ಆಯ್ತಕ್ಕ' ಅಂದ.
ಸ್ವಲ್ಪ ತಡೆದು, 'ಹೊಟ್ಟೆ ತುಂಬ.'